‘ಒಂದೇ ಸಾಕು’ ಎಂಬ ಸಾಲು ಸೇರಿದ್ದು ಹೀಗೆ

ನಾನು ಶಾಲೆಯಲ್ಲಿ ಸಂಗೀತ ಕಲಿಸುವವಳು. ಐದನೇ ತರಗತಿಯ ಮಕ್ಕಳಿಗೆ ಪಾರ್ಶ್ವವಾಯುವಿನ ಬಗ್ಗೆ ಹಾಡು ಕಟ್ಟಲು ಕೂತಾಗ ಗೊತ್ತಿದ್ದದ್ದನ್ನೆಲ್ಲ ತುಂಬಿಬಿಟ್ಟೆ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಒಡೆಯುವುದು, ರಕ್ತದೊತ್ತಡ, ಧೂಮಪಾನ, ಉಪ್ಪು. ಮಕ್ಕಳು ಸೊಗಸಾಗಿ ಹಾಡಿದರು. “ಮನೆಯಲ್ಲಿ ಅಜ್ಜನಿಗೆ ಹೀಗಾದರೆ ಏನು ಮಾಡ್ತೀರಿ?” ಎಂದು ಕೇಳಿದರೆ, “ಉಪ್ಪು ಕಡಿಮೆ ಮಾಡ್ತೀವಿ ಮಿಸ್” ಎಂದರು.

ಚರಣಗಳನ್ನೆಲ್ಲ ಕಿತ್ತುಹಾಕಿದೆ. ಎಂಟು ಎಣಿಕೆಯ ತಾಳಕ್ಕೆ ಮೂರೇ ಪ್ರಶ್ನೆ ಉಳಿಸಿದೆ: ಮುಖ ಸೊಟ್ಟಗಾಯ್ತೆ? ಕೈಯಿ ಜಾರಿ ಬಿತ್ತೆ? ಮಾತು ತೊದಲಿತೆ? ಕೊನೆಗೆ, (ಆಂಬುಲೆನ್ಸಿಗೆ) ಕರೆ ಮಾಡು. ಒಂದೇ ಪೀರಿಯಡ್ಡಿನಲ್ಲಿ ಬಾಯಿಪಾಠವಾಯಿತು.

ವಾರ ಕಳೆದ ಮೇಲೆ ರಾಗವಿಲ್ಲದೆ, ಬರೀ ಮಾತಿನಲ್ಲಿ ಒಂದು ಸಂದರ್ಭ ಹೇಳಿದೆ. ಅಜ್ಜಿ ಇದ್ದಕ್ಕಿದ್ದ ಹಾಗೆ ತೊದಲುತ್ತಿದ್ದಾರೆ, ಮುಖ, ಕೈ ಸರಿಯಾಗೇ ಇವೆ. ಒಬ್ಬ ಹುಡುಗಿ ಹಾಡನ್ನು ಮೊದಲಿಂದ ಗುನುಗುತ್ತಾ ಬೆರಳು ಮಡಚಿದಳು. “ಒಂದೇ ಆಗಿರೋದು ಮಿಸ್. ಇನ್ನೆರಡು ಬರೋವರೆಗೂ ಕಾಯ್ಬೇಕು.”

ನನಗೆ ಎದೆ ಝಲ್ಲೆಂದಿತು. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿಕೊಂಡರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಂದಾಜು. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು, ಅದೂ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಚಿತವಾದ ಮೇಲೆ. ನನ್ನ ಹಾಡು ಮಗುವಿಗೆ ಕಾಯಲು ಕಲಿಸಿತ್ತು! ರಾಗ ಮೂರನ್ನೂ ಸಾಲಾಗಿ ಪೋಣಿಸಿದ್ದರಿಂದ ಮೂರೂ ಆಗಲೇಬೇಕು ಎಂದು ಅವಳಿಗೆ ಅನ್ನಿಸಿದ್ದು ಸಹಜವೇ.

ಹಾಗಾಗಿ ಪ್ರತಿ ಪ್ರಶ್ನೆಯ ಬೆನ್ನಿಗೇ “ಒಂದೇ ಸಾಕು, ಕರೆ ಮಾಡಬೇಕು” ಎಂಬ ಪಲ್ಲವಿ ಹಾಕಿದೆ. ತರಗತಿಯನ್ನು ಮೂರು ಗುಂಪು ಮಾಡಿ, ನಾನು ಕೈ ತೋರಿಸಿದ ಗುಂಪು ಹಾಡಬೇಕು, ಮಿಕ್ಕವರು ಪಲ್ಲವಿಯಲ್ಲಿ ಸೇರಬೇಕು ಎಂದೆ. ಮುಖದಿಂದಲೇ ಶುರು ಎಂಬ ಕ್ರಮ ಮುರಿಯಿತು. ಕೆಲವೇ ನಿಮಿಷದಲ್ಲಿ ಎಲ್ಲ ಸರಿಹೋದರೂ ಕರೆ ಮಾಡಲೇಬೇಕು, ನೀರು, ಊಟ, ಮಾತ್ರೆ ಏನೂ ಬಾಯಿಗೆ ಹಾಕಬಾರದು ಎಂಬುದನ್ನು ಹಾಡಿಗೆ ಸೇರಿಸದೆ ಕೂತು ಮಾತಾಡಿದೆವು.

ಕೈಯ ಸಾಲಿಗೆ ಮಾತ್ರ ತಾಳವನ್ನು ವಿಳಂಬಕ್ಕೆ ಇಳಿಸಿದೆ. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದರೆ ಒಂದು ಆವರ್ತ ಮುಗಿಯಲು ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ. ಸೋತ ಕೈ ಕೆಳಗೆ ಜಾರುವುದು ಕಣ್ಣಿಗೆ ಬೀಳಲು ಅಷ್ಟು ಹೊತ್ತು ಬೇಕು. ಹಾಡಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು.

ಒಬ್ಬ ಹುಡುಗ ಅಭಿನಯಕ್ಕೆ ಬರುತ್ತಿರಲಿಲ್ಲ, ಅವನ ತಾತನಿಗೆ ಲಕ್ವ ಹೊಡೆದಿತ್ತು. ಒತ್ತಾಯಿಸದೆ ತಾಳ ಹಾಕಲು ಬಿಟ್ಟೆ. ರೋಗಿ ಚೆನ್ನಾಗಿದ್ದದ್ದನ್ನು ಕೊನೆಯ ಸಲ ಯಾವಾಗ ನೋಡಿದಿರಿ ಎಂದು ವೈದ್ಯರು ಮೊದಲು ಕೇಳುತ್ತಾರೆ, ಅದಕ್ಕೆ “ಗಡಿಯಾರ ನೋಡು” ಎಂದು ಒಂದು ಸಾಲು ಬೇಕು ಎಂದಾಗ ಅವನು ಎದ್ದುನಿಂತ. “ಅದನ್ನ ನಾನು ಹಾಡ್ತೀನಿ ಮಿಸ್. ನಮ್ಮನೇಲಿ ಅವತ್ತು ಯಾರೂ ಟೈಮ್ ನೋಡಿರಲಿಲ್ಲ.”