ಖಾಲಿ ಸೂಜಿಗೆ ಮುನ್ನೂರು ರೂಪಾಯಿ: ಅಡಿಕೆ ಸುಲಿಯುವವರ ಹೆಗಲು ಮತ್ತು ನನ್ನ ಡ್ರೈ ನೀಡ್ಲಿಂಗ್

ಸಾಗರದ ಕಡೆ ಒಂದು ಸಣ್ಣ ಪೇಟೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡವನು ನಾನು. ಡ್ರೈ ನೀಡ್ಲಿಂಗ್, ಅಂದರೆ ನೋವಿನ ಸ್ನಾಯುವಿಗೆ ಮದ್ದಿಲ್ಲದ ಬರೀ ಸೂಜಿ ಚುಚ್ಚುವ ಚಿಕಿತ್ಸೆ, ನಮ್ಮ ಕಡೆ ನಡೆಯುವುದಿಲ್ಲ ಎಂದವರೇ ಜಾಸ್ತಿ. ಬೆಂಗಳೂರಲ್ಲಿ ಕೋರ್ಸ್ ಮಾಡುವಾಗ ಪಕ್ಕದಲ್ಲಿ ಕೂತಿದ್ದವರು, "ಇದೆಲ್ಲ ಜಿಮ್‌ಗೆ ಹೋಗೋರಿಗೆ, ಮ್ಯಾರಥಾನ್ ಓಡೋರಿಗೆ. ನಿಮ್ಮೂರಲ್ಲಿ ಸೂಜಿ ನೋಡಿದ್ರೆ ಎದ್ದು ಹೋಗ್ತಾರೆ ನೋಡಿ" ಅಂದಿದ್ದರು. ನಮ್ಮೂರ ಮೂಳೆ ಡಾಕ್ಟರದ್ದು ಇನ್ನೂ ನೇರ ಮಾತು: "ಅದು ಚೀನಾದವರ ಸೂಜಿ ಕಣ್ರೀ, ನೀವು ಹಾಟ್ ಪ್ಯಾಕ್ ಹಾಕ್ಕೊಂಡು ಸುಮ್ನಿರಿ." ಈಗ ಕೊಯ್ಲು ಶುರುವಾದರೆ ಅದೇ ಡಾಕ್ಟರು ಚೀಟಿ ಬರೆದು ಕಳಿಸುತ್ತಾರೆ. ಹೋದ ವರ್ಷ ತಮ್ಮ ಮನೆಯವರನ್ನೇ ಕರೆದುಕೊಂಡು ಬಂದು, ಸೂಜಿ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿದರು. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ಸ್ನಾಯುವಿನಲ್ಲಿ ನೋವಿನ ಗಂಟು ಕಟ್ಟುವ ಟ್ರಿಗರ್ ಪಾಯಿಂಟ್ ಅಂದರೇನು, ಸೂಜಿ ಇಳಿಸುವ ಗೈಡ್ ಟ್ಯೂಬ್ ಹಿಡಿಯುವುದು ಹೇಗೆ ಎಂಬುದೆಲ್ಲ ಇಲ್ಲಿ ಬೇಡ. ಕೋರ್ಸ್ ಮಾಡಿದವರಿಗೆ ಅದು ಗೊತ್ತು, ಮಾಡದವರು ಇದನ್ನು ಓದಿ ಸೂಜಿ ಎತ್ತಿಕೊಳ್ಳಬೇಡಿ. ನಾನು ಹೇಳಹೊರಟಿರುವುದು ಒಂದೇ: ನಮ್ಮ ಜನಕ್ಕೆ ಸೂಜಿ ಕೆಲಸ ಮಾಡುತ್ತದೆ, ಆದರೆ ಕೋರ್ಸಿನಲ್ಲಿ ಕಲಿಸಿದ ಪ್ರಮಾಣದಲ್ಲಿ ಅಲ್ಲ.

ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಅಡಿಕೆ ಸುಲಿಯುವ ಹೆಂಗಸರು. ಸಂಜೆ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ರಾತ್ರಿ ಹನ್ನೊಂದು, ಹನ್ನೆರಡಕ್ಕೆ. ಕತ್ತು ಬಗ್ಗಿರುತ್ತದೆ, ಮೊಣಕೈ ಮೈಗೆ ಅಂಟಿರುತ್ತದೆ, ಹಸಿ ಕಾಯಿಯನ್ನು ಅಲಗಿಗೆ ಒತ್ತಿ ಮಣಿಕಟ್ಟು ತಿರುವಿ ಸಿಪ್ಪೆ ಬಿಡಿಸುತ್ತಲೇ ಇರಬೇಕು. ಕೂಲಿ ಡಬ್ಬದ ಲೆಕ್ಕ, ಹಾಗಾಗಿ ನಡುವೆ ಕೈ ನಿಲ್ಲಿಸುವವರಿಲ್ಲ. ಎಲ್ಲರೂ ನೋವು ತೋರಿಸುವುದು ಒಂದೇ ಥರ: ಎಡಗೈ ಅಂಗೈಯನ್ನು ಬಲ ಹೆಗಲಿನ ಮುಂಭಾಗಕ್ಕೆ ಇಟ್ಟು, ಅಲ್ಲಿಂದ ತೋಳಿನ ಹೊರಬದಿಗೆ ಉಜ್ಜುತ್ತಾರೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ, ಹಿಂದೆ ಕೈ ಹಾಕಿ ಕುಪ್ಪಸದ ಹುಕ್ಕು ಹಾಕಲಾಗುವುದಿಲ್ಲ.

ವರ್ಷಗಟ್ಟಲೆ ನಾನು ಮಾಡಿದ್ದು ಅವರು ಕೈಯಿಟ್ಟ ಜಾಗಕ್ಕೆ ನೋವಿಗೆ ಕೊಡುವ ಅಲ್ಟ್ರಾಸೌಂಡ್, ಸಣ್ಣ ಕರೆಂಟಿನ ಐಎಫ್‌ಟಿ. ಏಳು ದಿನ ಬನ್ನಿ ಅನ್ನುವುದು, ಅವರು ಮೂರನೇ ದಿನಕ್ಕೆ ನಿಲ್ಲಿಸುವುದು. ಮುಂಭಾಗಕ್ಕೇ ಬೇರೆ ಕಡೆ ಇಂಜೆಕ್ಷನ್ ಹಾಕಿಸಿಕೊಂಡು ಬಂದವರೂ ಇದ್ದರು, ತಿಂಗಳು ಕಳೆದರೆ ಮತ್ತೆ ಅದೇ ಕಥೆ. ಬೆನ್ನಿನ ರೆಕ್ಕೆ ಮೂಳೆಯ ಮೇಲಿರುವ ಇನ್ಫ್ರಾಸ್ಪೈನೇಟಸ್ ಸ್ನಾಯುವಿನ ಗಂಟು ನೋವನ್ನು ಹೆಗಲಿನ ಮುಂದಕ್ಕೆ ಎಸೆಯುತ್ತದೆ ಎಂದು ಅಮೆರಿಕದ ವೈದ್ಯರಾದ ಟ್ರಾವೆಲ್ ಮತ್ತು ಸೈಮನ್ಸ್ 1983ರ ತಮ್ಮ ಪುಸ್ತಕದಲ್ಲಿ ಚಿತ್ರ ಸಮೇತ ತೋರಿಸಿದ್ದಾರೆ. ನಾವೆಲ್ಲ ಪರೀಕ್ಷೆಗೆ ಆ ಚಿತ್ರ ಬರೆದವರೇ. ಆದರೆ ರೋಗಿ ಮುಂದೆ ಕೈಯಿಟ್ಟು ತೋರಿಸುತ್ತಿರುವಾಗ ಬೆನ್ನಿನ ರೆಕ್ಕೆ ಮೂಳೆಯ ಮೇಲೆ ಹೆಬ್ಬೆರಳು ಒತ್ತುವವರು ಎಷ್ಟು ಜನ ಹೇಳಿ? ಒತ್ತಿದರೆ ಹತ್ತರಲ್ಲಿ ಏಳೆಂಟು ಮಂದಿ "ಅಯ್ಯೋ, ಅದೇ, ಮುಂದೆ ಸೆಳೀತು" ಅನ್ನುತ್ತಾರೆ.

ಕೋರ್ಸಿಗೆ ಇಪ್ಪತ್ತು ಸಾವಿರದ ಆಸುಪಾಸು ಕಟ್ಟಿದ್ದೆ. ಲಾಡ್ಜು, ಊಟ, ಬಸ್ಸು, ಮುಚ್ಚಿದ ಕ್ಲಿನಿಕ್ಕು ಎಲ್ಲ ಸೇರಿ ಮೂವತ್ತು ದಾಟಿತು. ಆಗ ಅಲ್ಟ್ರಾಸೌಂಡ್ ಮಷಿನ್ನಿನ ಕಂತು ಬೇರೆ ನಡೆಯುತ್ತಿತ್ತು. ಒಂದು ಸಲಕ್ಕೆ ಮುನ್ನೂರು ಅಂತ ಇಟ್ಟೆ. ಮೊದಲ ವಾರವೇ ಒಬ್ಬ ಅಮ್ಮ ಸೂಜಿಯನ್ನು ಬೆಳಕಿಗೆ ಹಿಡಿಸಿ ನೋಡಿ ಕೇಳಿದರು: "ಡಾಕ್ಟ್ರೇ, ಇದ್ರಲ್ಲಿ ಔಷಧಿ ಎಲ್ಲಿ?"

"ಔಷಧಿ ಇಲ್ಲಮ್ಮ, ಬರೀ ಸೂಜಿ."

"ಖಾಲಿ ಸೂಜಿಗೆ ಮುನ್ನೂರು ರೂಪಾಯಾ ಮಾರಾಯ್ರೆ!"

ಅವರ ಪ್ರಶ್ನೆ ತಮಾಷೆಯದಲ್ಲ. ಪ್ರಾಗ್‌ನ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದದ್ದು ಇದರ ಬಗ್ಗೆಯೇ. ಗಂಟಿಗೆ ಇಂಜೆಕ್ಷನ್ ಹಾಕಿದಾಗ ನೋವು ಇಳಿಯುವುದು ಮದ್ದಿನಿಂದಲೋ ಸೂಜಿಯಿಂದಲೋ ಎಂದು ನೋಡಲು ಬರೀ ಸೂಜಿ ಹಾಕಿದರು. ಮುನ್ನೂರಕ್ಕೂ ಹೆಚ್ಚು ನೋವಿನ ಜಾಗಗಳಲ್ಲಿ ಶೇ. 86ರಷ್ಟು ಕಡೆ ತಕ್ಷಣವೇ ನೋವು ಕಡಿಮೆಯಾಯಿತು ಎಂದು ವರದಿ ಮಾಡಿದರು, ಸೂಜಿ ಸರಿಯಾದ ಬಿಂದುವಿಗೆ ಬಿದ್ದರೆ ಮಾತ್ರ ಎಂದೂ ಸೇರಿಸಿದರು. ಆ ಅಮ್ಮನಿಗೆ ನಾನು ಇದನ್ನೆಲ್ಲ ಹೇಳಲು ಹೋಗಲಿಲ್ಲ. "ಗುಣ ಆಗ್ದಿದ್ರೆ ದುಡ್ಡು ಬೇಡ" ಅಂದೆ. ಈ ಮಾತಿನಿಂದ ಮೊದಲ ಕೊಯ್ಲಿನಲ್ಲಿ ನನಗೆ ಆದ ನಷ್ಟ ಹದಿನೈದು ಸಾವಿರಕ್ಕೆ ಕಡಿಮೆ ಇರಲಿಕ್ಕಿಲ್ಲ.

ಯಾಕೆಂದರೆ ಆ ವರ್ಷ ಕಲಿಸಿದಂತೆಯೇ ಮಾಡಿದೆ: ಕತ್ತು-ಹೆಗಲಿನ ನಡುವಿನ ಟ್ರಪೀಜಿಯಸ್‌ಗೆ ನಾಲ್ಕು, ತೋಳಿನ ಮೇಲ್ತುದಿಯ ಡೆಲ್ಟಾಯಿಡ್‌ಗೆ ಮೂರು, ಇನ್ಫ್ರಾಸ್ಪೈನೇಟಸ್‌ಗೆ ಮೂರು, ಮುಂಗೈಗೂ ಒಂದೆರಡು. ಟ್ವಿಚ್, ಅಂದರೆ ಸ್ನಾಯು ತಟ್ಟನೆ ಅದುರುವುದು, ನಿಲ್ಲುವವರೆಗೆ ಸೂಜಿಯನ್ನು ಮೇಲೆ ಕೆಳಗೆ ಆಡಿಸು. ಟೇಬಲ್ಲಿನಿಂದ ಇಳಿದಾಗ ಕೈ ಸಲೀಸಾಗಿ ಮೇಲೆ ಹೋಗುತ್ತಿತ್ತು, ನಾನೂ ಅವರೂ ಖುಷಿ. ಮರುದಿನ ಹೆಗಲು ಕಲ್ಲಾಗಿರುತ್ತಿತ್ತು. ಸೂಜಿಯ ನಂತರದ ನೋವು ಒಂದೆರಡು ದಿನ ಇರುವುದು ಸಹಜ ಅಂತ ನಮಗೆ ಗೊತ್ತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಅದನ್ನು ತಡೆದುಕೊಂಡು ಆಫೀಸಿನಲ್ಲಿ ಕೂರುತ್ತಾನೆ. ಡಬ್ಬದ ಲೆಕ್ಕದಲ್ಲಿ ಸುಲಿಯುವವರಿಗೆ ಆ ಎರಡು ರಾತ್ರಿ ಅಂದರೆ ಎರಡು ರಾತ್ರಿಯ ಕೂಲಿ. ನನ್ನ ಮುನ್ನೂರು ಅವರ ಲೆಕ್ಕದಲ್ಲಿ ಸಾವಿರದ ಮೇಲಾಗುತ್ತಿತ್ತು. ಮೂರನೇ ದಿನಕ್ಕೆ ನೋವು ನಿಜವಾಗಿಯೂ ಇಳಿದಿರುತ್ತಿತ್ತು, ಆದರೆ ಅಷ್ಟರಲ್ಲಿ "ಆ ಸೂಜಿ ಡಾಕ್ಟ್ರ ಹತ್ರ ಹೋದ್ರೆ ಕೈಯೇ ಬಿದ್ದು ಹೋಗ್ತದೆ" ಎಂಬ ಸುದ್ದಿ ಮೂರು ಊರು ದಾಟಿರುತ್ತಿತ್ತು.

ಎರಡನೇ ಕೊಯ್ಲಿನಲ್ಲಿ ಕಡಿಮೆ ಮಾಡುತ್ತ ಬಂದೆ. ಹನ್ನೆರಡರಿಂದ ಆರು, ಆರರಿಂದ ಮೂರು. ಈಗ ಮೊದಲ ಸಲಕ್ಕೆ ಎರಡೇ ಸೂಜಿ: ಇನ್ಫ್ರಾಸ್ಪೈನೇಟಸ್‌ಗೆ ಒಂದು, ಮೇಲಿನ ಟ್ರಪೀಜಿಯಸ್‌ಗೆ ಒಂದು. ಒಂದೆರಡು ಟ್ವಿಚ್ ಸಿಕ್ಕಿತೋ, ತೆಗೆದುಬಿಡುವುದು. ಸಿಗದಿದ್ದರೆ ಹುಡುಕುತ್ತ ಕೂರುವುದಿಲ್ಲ, ಸೂಜಿಯನ್ನು ಐದು ನಿಮಿಷ ಹಾಗೇ ಬಿಟ್ಟು ತೆಗೆಯುತ್ತೇನೆ. ಟ್ರಪೀಜಿಯಸ್‌ಗೆ ಯಾವತ್ತೂ ಚಿಟಿಕೆಯಲ್ಲಿ ಎತ್ತಿ ಹಿಡಿದೇ, ನನ್ನ ಬೆರಳಿನ ಕಡೆಗೇ ಸೂಜಿ. ಕೆಳಗೆ ಶ್ವಾಸಕೋಶ ಇದೆ, ಅಲ್ಲಿ ಧೈರ್ಯ ತೋರಿಸಬೇಕಾದ್ದಿಲ್ಲ. ಇನ್ಫ್ರಾಸ್ಪೈನೇಟಸ್‌ಗೆ ಮಗ್ಗುಲಾಗಿ ಮಲಗಿಸಿ, ಮೂಳೆ ಎಲ್ಲಿದೆ ಅಂತ ಬೆರಳಿನಿಂದ ಖಾತ್ರಿ ಮಾಡಿಕೊಂಡು, 0.30 × 50 ಮಿಲಿಮೀಟರಿನ (ದಪ್ಪ × ಉದ್ದ) ಸೂಜಿ. ಆಗ ತೋಳನ್ನು ಎಷ್ಟು ಮುಂದಕ್ಕೆ, ಯಾವುದರ ಮೇಲೆ ಇಡಿಸಿದರೆ ಗಂಟು ಜಾರದೆ ಬೆರಳಿನಡಿ ನಿಲ್ಲುತ್ತದೆ ಎಂಬುದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಕೊಯ್ಲು ಹಿಡಿಯಿತು. ಅದನ್ನು ಇಲ್ಲಿ ಬರೆಯಲಾರೆ, ಸಾಗರದ ಕಡೆ ಬಂದರೆ ತೋರಿಸುತ್ತೇನೆ.

ಇನ್ನೊಂದು ವಿಷಯ, ಸೂಜಿಗೆ ದಿನ ಆರಿಸುವುದು. ಒಂದು ಕೊಯ್ಲು ಸುಲಿದು ಮುಗಿದು, ಅಡಿಕೆ ಬೇಯಿಸಿ ಅಟ್ಟಕ್ಕೆ ಹೋದ ಮೇಲೆ ಮುಂದಿನ ಕೊನೆ (ಅಡಿಕೆ ಗೊನೆ) ಇಳಿಯುವವರೆಗೆ ನಡುವೆ ಬಿಡುವು ಸಿಗುತ್ತದೆ. ಸೂಜಿಗೆ ಆ ದಿನವೇ ಬರಹೇಳುತ್ತೇನೆ. ಯಾರ ಮನೆಯ ಸುಲಿತ ಯಾವಾಗ ಮುಗಿಯುತ್ತದೆ ಎಂದು ನನ್ನ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಅಂದರೆ ಬೆಂಗಳೂರಿನವರು ನಗಬಹುದು. ನನ್ನ ರೋಗಿಗಳು ತಿರುಗಿ ಬರಲು ಶುರುವಾದದ್ದು ಈ ಪುಸ್ತಕದಿಂದ.

ಸೂಜಿ ತೆಗೆದ ಕೂಡಲೇ ಎಬ್ಬಿಸಿ ಬೈರಾಸಿನ ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಕೈಗೆ ಕೊಟ್ಟು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಹೊರಕ್ಕೆ ಎಳೆದು ಹಿಡಿಯಲು ಹೇಳುತ್ತೇನೆ. ಹತ್ತು ಎಣಿಸುವಷ್ಟು, ಐದಾರು ಸಲ. ಮನೆಯಲ್ಲೂ ಅದೇ. ಜೊತೆಗೆ ಕೂರುವ ಮಣೆ ನಾಲ್ಕು ಬೆರಳು ಎತ್ತರಿಸಿ ಅನ್ನುತ್ತೇನೆ. ಮಾಡುವವರು ಅರ್ಧ ಜನ. ಮಣೆ ಎತ್ತರಿಸಿದವರು ಎರಡನೇ ಸೂಜಿಗೆ ಬರುವುದು ಕಡಿಮೆ, ಹಾಗಾಗಿ ಧಂದೆಯ ದೃಷ್ಟಿಯಿಂದ ಇದನ್ನು ಹೇಳಬಾರದೋ ಏನೋ.

ಈಗ ನಾಲ್ಕರಲ್ಲಿ ಮೂರು ಮಂದಿಗೆ ಎರಡು ಮೂರು ಸಲದಲ್ಲಿ ರಾತ್ರಿಯ ನಿದ್ದೆ ವಾಪಸು ಬರುತ್ತದೆ. ಉಳಿದವರಲ್ಲಿ ಹೆಚ್ಚಿನವರದ್ದು ಹೆಗಲಿನ ಕೀಲೇ ಬಿಗಿಯುವ ಫ್ರೋಜನ್ ಶೋಲ್ಡರ್, ಇಲ್ಲವೇ ಕುತ್ತಿಗೆಯ ನರದ ತೊಂದರೆ. ಅವರನ್ನು ಬೇರೆ ದಾರಿಗೆ ಕಳಿಸುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಿನ್ನುವವರು, ಬಸುರಿಯರು, ಸೂಜಿ ಅಂದರೆ ಬೆವರುವವರು ಇವರಿಗೆ ಹಾಕುವುದೇ ಇಲ್ಲ. ರಾತ್ರಿಯಿಡೀ ಸುಲಿದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರು ಕೂತಲ್ಲೇ ತಲೆ ತಿರುಗಿ ಬೀಳುವುದುಂಟು. ಮೊದಲು ಚಹಾ ಬಿಸ್ಕತ್ತು, ಆಮೇಲೆ ಮಲಗಿಸುವುದು. ಮಲಗಿಸುವ ಮುಂಚೆ ಬಾಯಲ್ಲಿರುವ ಕವಳ (ಎಲೆಅಡಿಕೆ) ಉಗಿಸುವುದನ್ನು ಮರೆಯಬೇಡಿ. ಇದು ಯಾವ ಕೋರ್ಸಿನಲ್ಲೂ ಇಲ್ಲ.

ಹೆಬ್ಬೆರಳಿನ ವಿಷಯವನ್ನೂ ಹೇಳಬೇಕು. ಅಡಿಕೆ ಚೊಗರು ಹತ್ತಿ ಕಪ್ಪಾದ ಕೈ, ಸ್ಪಿರಿಟ್ ಹತ್ತಿಯಿಂದ ಎಷ್ಟು ಉಜ್ಜಿದರೂ ಹತ್ತಿಗೆ ಕಂದು ಹತ್ತುತ್ತಲೇ ಇರುತ್ತದೆ, ಚರ್ಮ ಎಮ್ಮೆಯ ಗೊರಸಿನಷ್ಟು ಗಟ್ಟಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಆ ಮಾಂಸದ ದಿಬ್ಬಕ್ಕೆ 0.25 × 25 ಹಾಕಿದರೆ ಒಂದೇ ಜಿಗಿತ, ಬೆರಳು ತಾನೇ ಒಳಕ್ಕೆ ಮಡಚಿಕೊಳ್ಳುತ್ತದೆ. ಅಕ್ಯುಪಂಕ್ಚರ್‌ನವರು ಹೆಗು ಎಂದು ಕರೆಯುವ ಬಿಂದು ಇದೇ ಜಾಗ. ಈ ಒಂದು ಸೂಜಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ಹೆಗಲಿನ ಜೊತೆ ಕೊಸರು. ಬಾಯಿಂದ ಬಾಯಿಗೆ ಹೋಗುವ ಪ್ರಚಾರಕ್ಕೆ ಇದಕ್ಕಿಂತ ಅಗ್ಗದ ಜಾಹೀರಾತು ಇನ್ನೊಂದಿಲ್ಲ.

ಅಕ್ಯುಪಂಕ್ಚರ್‌ನವರನ್ನು ಕಂಡರೆ ನಮ್ಮವರು ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. 1938ರಲ್ಲಿ ಸೊಲ್ಲಾಪುರದ ಕೋಟ್ನೀಸರ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಡಾ. ಬಿ.ಕೆ. ಬಸು ಆಮೇಲೆ ಆ ವಿದ್ಯೆಯನ್ನು ಕೋಲ್ಕತ್ತಕ್ಕೆ ತಂದರು. ಆ ಪರಂಪರೆಯಲ್ಲಿ ಕಲಿತ ಹಿರಿಯರೊಬ್ಬರ ಪರಿಚಯ ನನಗಾಯಿತು. ಹೆಗಲು ನೋವಿಗೆ ಮೊಣಕಾಲಿನ ಕೆಳಗೆ ತಿಯಾವ್ಕೌ ಬಿಂದುವಿಗೆ ಸೂಜಿ ಹಾಕಿ, ಸೂಜಿ ಇರುವಾಗಲೇ ಕೈ ಎತ್ತಿಸುತ್ತಾ ಹೋಗಿ ಅಂದರು. ಹತ್ತಿಪ್ಪತ್ತು ಜನಕ್ಕೆ ಮಾಡಿ ನೋಡಿದೆ. ಕೆಲವರ ಕೈ ಅಲ್ಲೇ ಒಂದು ಗೇಣು ಹೆಚ್ಚು ಮೇಲೇರಿತು, ಕಾಲಿಗೆ ಚುಚ್ಚಿದ್ದಕ್ಕೆ ಮಾತ್ರ ಎಲ್ಲರೂ ಬೈದರು. ಮರುದಿನಕ್ಕೆ ಏನೂ ಉಳಿಯಲಿಲ್ಲ, ಬಿಟ್ಟೆ. ಸೂಜಿಗಳಿಗೆ ಕ್ಲಿಪ್ ಸಿಕ್ಕಿಸಿ ಸಣ್ಣಗೆ ಕರೆಂಟ್ ಕೊಟ್ಟೂ ನೋಡಿದೆ. ಮರ ಹತ್ತುವ ಕೊನೆಗಾರರ ತೊಡೆಗೆ ಅದು ಚೆನ್ನಾಗಿ ಹಿಡಿಯಿತು, ಹೆಗಲಿಗೆ ಕೈಯಿಂದ ಮಾಡಿದ್ದಕ್ಕಿಂತ ಮೇಲೇನಲ್ಲ.

ನನ್ನ ಭಾವನ ಸೊಂಟದ ಮೇಲೆ ಮಾಡಿದ್ದು ಬೇರೆ ಪ್ರಯೋಗ. ಅವರಿಗೆ ಮೊದಲೇ ಹೇಳಿದ್ದೆ, ಒಂದು ದಿನ ಖಾಲಿ ಟ್ಯೂಬ್ ತಟ್ಟುತ್ತೇನೆ, ಒಂದು ದಿನ ನಿಜವಾದ ಸೂಜಿ, ಯಾವುದು ಯಾವಾಗ ಅಂತ ಹೇಳುವುದಿಲ್ಲ. ಖಾಲಿ ಟ್ಯೂಬಿನ ದಿನ "ಇವತ್ತು ಭಾರೀ ಚಲೋ ಬಿತ್ತು" ಅಂದರು! ಜರ್ಮನಿಯ ದೊಡ್ಡ ಅಧ್ಯಯನವೊಂದು 2007ರಲ್ಲಿ ಹೆಚ್ಚುಕಮ್ಮಿ ಇದನ್ನೇ ತೋರಿಸಿತ್ತು: ಸೊಂಟ ನೋವಿನ ಸಾವಿರಕ್ಕೂ ಹೆಚ್ಚು ಜನರಲ್ಲಿ ನಿಜವಾದ ಅಕ್ಯುಪಂಕ್ಚರ್ ಶೇ. 47 ಮಂದಿಗೆ, ನೆಪಮಾತ್ರದ ಸೂಜಿ ಶೇ. 44 ಮಂದಿಗೆ ಗುಣ ಕೊಟ್ಟಿತು. ಮಾಮೂಲಿ ಚಿಕಿತ್ಸೆ ಗುಣ ಕೊಟ್ಟದ್ದು ಶೇ. 27 ಮಂದಿಗೆ ಮಾತ್ರ. ಇದನ್ನು ಓದಿ ಕೆಲವರು ಸೂಜಿಯೇ ಸುಳ್ಳು ಅನ್ನುತ್ತಾರೆ. ನನಗೆ ಕಂಡದ್ದು, ಹನ್ನೆರಡು ಸೂಜಿ ಚುಚ್ಚಿ ಮೈ ಹಣ್ಣು ಮಾಡುವ ಅಗತ್ಯವಿಲ್ಲ ಅನ್ನುವುದಕ್ಕೆ ಒಂದು ಆಧಾರ.

ಸೋತಿರುವುದು ದೋಟಿಯವರ ವಿಷಯದಲ್ಲಿ. ಮರ ಹತ್ತುವ ಬದಲು ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕಾಲು, ತೊಡೆಯ ನೋವಿನ ಕೇಸು ಕಡಿಮೆಯಾಗಿ ಕುತ್ತಿಗೆಯ ಕೇಸು ಜಾಸ್ತಿಯಾಗಿದೆ. ದಿನವಿಡೀ ಮೇಲೆ ನೋಡಿಕೊಂಡು ಅಷ್ಟುದ್ದದ ಕೋಲು ಆಡಿಸಬೇಕಲ್ಲ. ನೋವು ಇರುವುದು ಕತ್ತಿನಿಂದ ರೆಕ್ಕೆ ಮೂಳೆಗೆ ಇಳಿಯುವ ಲೆವೇಟರ್ ಸ್ಕ್ಯಾಪುಲೆ, ತಲೆಬುರುಡೆಯ ಕೆಳಗಿನ ಸಣ್ಣ ಸ್ನಾಯುಗಳಲ್ಲಿ. ಒಂದರ ಅಡಿ ಪಕ್ಕೆಲುಬು, ಇನ್ನೊಂದರ ಅಡಿ ರಕ್ತನಾಳ. ಅಲ್ಲಿ ನಾನು ಬೆರಳೇ ಬಳಸುತ್ತೇನೆ, ಟ್ರಪೀಜಿಯಸ್‌ಗೆ ಮಾತ್ರ ಸೂಜಿ. ಗುಣ ಸಿಗುವುದು ಅರ್ಧ ಜನಕ್ಕೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಚೀನಾದ ಸೂಜಿ ಒಂದಕ್ಕೆ ಮೂರು ನಾಲ್ಕು ರೂಪಾಯಿ ಬೀಳುತ್ತದೆ, ಜಪಾನಿನದ್ದು ಅದರ ಮೂರು ನಾಲ್ಕು ಪಟ್ಟು. ಜಪಾನಿನದ್ದು ಚರ್ಮದಲ್ಲಿ ಇಳಿದದ್ದೇ ಗೊತ್ತಾಗುವುದಿಲ್ಲ, ನಿಜ. ಆದರೆ ನಮ್ಮ ರೋಗಿಗಳಿಗೆ ಸ್ವಲ್ಪ ಗೊತ್ತಾದರೇನೇ ಮುನ್ನೂರು ಕೊಡಲು ಮನಸ್ಸು ಬರುವುದು. ಶಾರ್ಪ್ಸ್ ಡಬ್ಬ, ತ್ಯಾಜ್ಯ ಒಯ್ಯುವವರ ತಿಂಗಳ ಶುಲ್ಕ ಸೇರಿ ಒಂದು ಸಲಕ್ಕೆ ನನ್ನ ಕೈಯಿಂದ ಹೋಗುವುದು ಇಪ್ಪತ್ತರ ಒಳಗೆ. 50 ಮಿಲಿಮೀಟರಿನದ್ದು ಒಂದು ಬಾಕ್ಸು, 25ರದ್ದು ಒಂದು ಬಾಕ್ಸು ಇದ್ದರೆ ಒಂದು ಕೊಯ್ಲು ಸಾಗುತ್ತದೆ. 75ರದ್ದು ಇಟ್ಟುಕೊಳ್ಳಬೇಡಿ. ವರ್ಷಕ್ಕೆ ನಾಲ್ಕೈದು ಪೃಷ್ಠದ ಕೇಸಿಗೆ ನೂರು ಸೂಜಿಯ ಬಾಕ್ಸು ತಂದರೆ ಅವಧಿ ಮುಗಿದು ಡಬ್ಬಕ್ಕೆ ಹೋಗುತ್ತದೆ. ನನ್ನ ಹತ್ತಿರ ಈಗಲೂ ಒಂದು ಹಾಗೇ ಬಿದ್ದಿದೆ.