ಟರ್ಮಿನಲ್‌ನಲ್ಲಿ ಟೈಪಿಂಗ್ ಕಡಿಮೆ ಮಾಡಿಕೊಂಡೆ: ನನ್ನ ಅನುಭವ

ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಟರ್ಮಿನಲ್‌ನಲ್ಲಿ ನಾವು ಹೊಸದಾಗಿ ಬರೆಯುವುದು ತುಂಬ ಕಡಿಮೆ. ನಿನ್ನೆ ಕೊಟ್ಟ ಕಮಾಂಡನ್ನೇ ಇವತ್ತೂ ಕೊಡುತ್ತೇವೆ, ಫೋಲ್ಡರ್ ಹೆಸರು ಮಾತ್ರ ಬೇರೆ. ಟೈಪಿಂಗ್ ಉಳಿಸಬೇಕು ಅಂದರೆ ಎಲ್ಲರೂ ಮೊದಲು ಹೇಳುವುದು ಅಲಿಯಾಸ್, ಅಂದರೆ ಉದ್ದ ಕಮಾಂಡಿಗೆ ನಾವೇ ಇಡುವ ಚಿಕ್ಕ ಹೆಸರು. ನಾನು ಶುರು ಮಾಡಿದ್ದು ಹಿಸ್ಟರಿಯಿಂದ, ಅಂದರೆ ಹಿಂದೆ ಕೊಟ್ಟ ಕಮಾಂಡ್‌ಗಳ ಪಟ್ಟಿಯಿಂದ. ಹೆಚ್ಚು ಉಳಿತಾಯ ಆಗಿದ್ದೂ ಅಲ್ಲೇ.

ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್ ಬ್ಯಾಶ್. ನಾವು ಏನೂ ಹೇಳದಿದ್ದರೆ ಅದು 500 ಕಮಾಂಡ್‌ಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಇನ್ನು ಸ್ವಲ್ಪ ಜಾಸ್ತಿ ಇರುತ್ತದೆ, ಆದರೂ ಸಾಲದು. ಹಾಗಾಗಿ ಬ್ಯಾಶ್‌ನ ಸೆಟ್ಟಿಂಗ್ ಇರುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ, ಹಿಸ್ಟರಿಯ ಮಿತಿ ಹೇಳುವ ಹಿಸ್ಟ್‌ಸೈಜ್, ಹಿಸ್ಟ್‌ಫೈಲ್‌ಸೈಜ್ ಎರಡನ್ನೂ 50000ಕ್ಕೆ ಏರಿಸಿದೆ. ಹಳೆಯ ಹಿಸ್ಟರಿ ಅಳಿಸದೆ ಹೊಸದನ್ನು ಅದರ ಕೊನೆಗೆ ಸೇರಿಸುವ ಹಿಸ್ಟ್‌ಅಪೆಂಡ್ ಕೂಡ ಆನ್ ಮಾಡಿದೆ. ಅದಿಲ್ಲದಿದ್ದರೆ ಎರಡು ವಿಂಡೋ ತೆರೆದಾಗ ಕೊನೆಗೆ ಮುಚ್ಚಿದ್ದು ಇನ್ನೊಂದರ ಹಿಸ್ಟರಿಯನ್ನು ಅಳಿಸಿ ಕೂರಬಹುದು.

ಇನ್ನು ಹುಡುಕಾಟ. ಕಂಟ್ರೋಲ್ ಆರ್ ಒತ್ತಿ ಕಮಾಂಡಿನ ಯಾವ ತುಣುಕು ಕೊಟ್ಟರೂ ಸಾಕು, ಮೊದಲ ಅಕ್ಷರವೇ ಆಗಬೇಕಿಲ್ಲ. ನಾನು ಯಾವಾಗಲೂ ಅಪರೂಪದ ತುಣುಕನ್ನೇ ಕೊಡುತ್ತೇನೆ. ಬ್ಯಾಕಪ್‌ಗೆ ಬಳಸುವ ಉದ್ದನೆಯ ಆರ್‌ಸಿಂಕ್ ಕಮಾಂಡ್ ಬೇಕು ಅಂದುಕೊಳ್ಳಿ. ಆರ್‌ಸಿಂಕ್ ಅಂತಲೇ ಹುಡುಕಿದರೆ ಹತ್ತಾರು ಬರುತ್ತವೆ. ಡಿಸ್ಕಿನ ಹೆಸರಿನ ಮೂರು ಅಕ್ಷರ ಕೊಟ್ಟರೆ ಸೀದಾ ಅದೇ ಬರುತ್ತದೆ. ಎಂಟರ್ ಒತ್ತಿದರೆ ತಕ್ಷಣ ಓಡಿಬಿಡುತ್ತದೆ, ಅದಕ್ಕೇ ಬಲಬಾಣ ಒತ್ತಿ ಒಮ್ಮೆ ಓದಿ ತಿದ್ದುವುದು ಒಳ್ಳೆಯದು. ಬೇಡ ಅನ್ನಿಸಿದರೆ ಕಂಟ್ರೋಲ್ ಜಿ.

ನನಗೆ ತುಂಬ ಇಷ್ಟವಾದದ್ದು ಆಲ್ಟ್ ಮತ್ತು ಚುಕ್ಕೆ. ಹಿಂದಿನ ಕಮಾಂಡಿನ ಕೊನೆಯ ಪದವನ್ನು ಇದು ಕರ್ಸರ್ ಇದ್ದಲ್ಲಿಗೆ ತಂದು ಹಾಕುತ್ತದೆ. ಉದ್ದ ಹೆಸರಿನ ಫೋಲ್ಡರ್ ಮಾಡಿ, ಫೋಲ್ಡರ್ ಒಳಗೆ ಹೋಗುವ ಕಮಾಂಡ್ ಸಿಡಿ ಅಂತ ಬರೆದು, ಆಲ್ಟ್ ಚುಕ್ಕೆ ಒತ್ತಿದರೆ ಮುಗೀತು. ಮತ್ತೆ ಮತ್ತೆ ಒತ್ತಿದರೆ ಇನ್ನೂ ಹಿಂದಿನ ಕಮಾಂಡ್‌ಗಳ ಕೊನೆಯ ಪದಗಳು ಒಂದೊಂದಾಗಿ ಬರುತ್ತವೆ. ಆಲ್ಟ್ ಕೆಲಸ ಮಾಡದ ಕಡೆ ಎಸ್ಕೇಪ್ ಒತ್ತಿ ಬಿಟ್ಟು, ಆಮೇಲೆ ಚುಕ್ಕೆ ಒತ್ತಿ. ಸಿಡಿ ಜೊತೆ ಹೈಫನ್ ಕೊಟ್ಟರೆ ಹಿಂದಿನ ಫೋಲ್ಡರಿಗೆ ಮರಳಬಹುದು, ಇದು ಬಹಳ ಜನಕ್ಕೆ ಗೊತ್ತೇ ಇದೆ ಅಲ್ವಾ?

ಇಷ್ಟಾದ ಮೇಲೆ ಅಲಿಯಾಸ್‌ಗೆ ಉಳಿಯುವ ಕೆಲಸ ಸ್ವಲ್ಪವೇ. ದಿನವೂ ಬಳಸುವ ಕೆಲವಕ್ಕೆ ಮಾತ್ರ ಮಾಡಿಕೊಂಡಿದ್ದೇನೆ. ಚಿಕ್ಕ ಹೆಸರು ಇಡುವ ಮೊದಲು ಟೈಪ್ ಕಮಾಂಡಿನಿಂದ ಅದು ಖಾಲಿ ಇದೆಯಾ ನೋಡಿ. ಕೋಡಿನಲ್ಲಿ ಏನು ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್‌ಗೆ ಹಲವರು ಇಡುವ ಜಿಎಸ್, ಪಿಡಿಎಫ್ ಫೈಲ್‌ಗಳಿಗೆ ಬಳಸುವ ಗೋಸ್ಟ್‌ಸ್ಕ್ರಿಪ್ಟ್ ಪ್ರೋಗ್ರಾಮಿನ ಹೆಸರೂ ಹೌದು. ನಡುವೆ ಫೈಲ್ ಹೆಸರು ಬರಬೇಕಾದ ಕಡೆ ಅಲಿಯಾಸ್ ಸಾಲದು, ಆ ಹೆಸರನ್ನು ಬೇಕಾದ ಜಾಗಕ್ಕೆ ಹಾಕಿಕೊಳ್ಳುವ ಪುಟ್ಟ ಫಂಕ್ಷನ್ ಬರೆಯಬೇಕು.

ಫೈಲ್ ಅಳಿಸುವ ಆರ್‌ಎಂಗೆ ಮಾತ್ರ ಯಾವ ಅಲಿಯಾಸೂ ಇಟ್ಟಿಲ್ಲ. ಅಳಿಸಲಾ ಅಂತ ಕೇಳುವ ಹಾಗೆ ಅದನ್ನು ಬದಲಿಸಿಕೊಂಡರೆ ಕೈ ಆ ಪ್ರಶ್ನೆಯನ್ನೇ ನಂಬುತ್ತದೆ. ಬೇರೆ ಸರ್ವರಿನಲ್ಲಿ ಆ ಪ್ರಶ್ನೆ ಬರದೇ ಇರಬಹುದು. ಹಿಸ್ಟರಿಗೆ ಏನು ಸೇರಬೇಕು ಅಂತ ಹೇಳುವ ಹಿಸ್ಟ್‌ಕಂಟ್ರೋಲ್ ಸೆಟ್ಟಿಂಗ್‌ನಲ್ಲಿ ಇಗ್ನೋರ್‌ಸ್ಪೇಸ್ ಹಾಕಿಕೊಂಡು, ಆರ್‌ಎಂಗೆ ಮುಂಚೆ ಒಂದು ಸ್ಪೇಸ್ ಬಿಟ್ಟು ಟೈಪ್ ಮಾಡುತ್ತೇನೆ. ಆಗ ಅದು ಹಿಸ್ಟರಿಗೆ ಸೇರುವುದಿಲ್ಲ, ಕಂಟ್ರೋಲ್ ಆರ್‌ನಲ್ಲಿ ಅಚಾನಕ್ಕಾಗಿ ಎದುರಾಗುವುದೂ ಇಲ್ಲ.