ಒಲೆ ಇಲ್ಲದ ಮೂನ್‌ಕೇಕ್: ಒತ್ತುವುದು ಸುಲಭ, ಎತ್ತುವುದು ಕಷ್ಟ

ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಸಿಂಗಪುರದ ನಮ್ಮ ಬಡಾವಣೆಯ ಮ್ಯೂಸಿಯಂನಲ್ಲಿ ಮೂನ್‌ಕೇಕ್ (ಹೂರಣ ತುಂಬಿ ಅಚ್ಚಿನಲ್ಲಿ ಒತ್ತುವ ಚೀನೀ ಹಬ್ಬದ ಸಿಹಿ) ಮಾಡುವ ಮೇಜು ಹಾಕುತ್ತೇವೆ. 2025ರಲ್ಲಿ ಅದು ಅಕ್ಟೋಬರ್ 6. ಅಂದು ರಾತ್ರಿ ಕಂಡದ್ದು ನಮ್ಮ ಸೀಗಿ ಹುಣ್ಣಿಮೆಯ ಚಂದ್ರನೇ. ಒಳಗೆ ಒಲೆಯೂ ಇಲ್ಲ, ಮೇಣದಬತ್ತಿಯೂ ಇಲ್ಲ. ಹಾಗಾಗಿ ಓವನ್‌ನಲ್ಲಿ ಬೇಯಿಸುವ ಬಗೆ ಬಿಟ್ಟು, ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ 'ಹಿಮದ ಸಿಪ್ಪೆ'ಯ (ಸ್ನೋ ಸ್ಕಿನ್) ಮೂನ್‌ಕೇಕ್. ಅಚ್ಚಿಗೇ ಅಂಟಿಕೊಂಡ ಕೇಕನ್ನು ಚಮಚದಿಂದ ಕೆರೆಯುವವರನ್ನು ಪ್ರತಿ ವರ್ಷ ನೋಡಿ ಇದನ್ನು ಬರೆಯುತ್ತಿದ್ದೇನೆ.

ಕಣಕವನ್ನು ಹಿಂದಿನ ದಿನವೇ ಮನೆಯಲ್ಲಿ ಮಾಡಿಡಿ. ಅಂಟಕ್ಕಿ ಹಿಟ್ಟು 45 ಗ್ರಾಂ, ಅಕ್ಕಿ ಹಿಟ್ಟು 35, ಗೋಧಿ ಪಿಷ್ಟ 20, ಪುಡಿ ಸಕ್ಕರೆ 50, ಹಾಲು 185 ಮಿ.ಲೀ., ಎಣ್ಣೆ 20 ಗ್ರಾಂ. ಗಂಟಿಲ್ಲದಂತೆ ಕಲಸಿ, ಸೋಸಿ, 25 ನಿಮಿಷ ಹಬೆಯಲ್ಲಿ ಬೇಯಿಸಿ. ಪಿಷ್ಟದ ಬದಲು ಮೈದಾ ಹಾಕಬೇಡಿ. ರೊಟ್ಟಿಯ ಅಕ್ಕಿ ಹಿಟ್ಟೊಂದರಲ್ಲೇ ಮುಗಿಸುತ್ತೇನೆ ಎಂದರೆ ಕಣಕ ಬಿರಿಯುತ್ತದೆ.

ಬೆಂದದ್ದನ್ನು ಬಿಸಿಯಿರುವಾಗಲೇ ನಾದಿ, ಮುಚ್ಚಿ, ಫ್ರಿಜ್‌ನಲ್ಲಿಡಿ. ಪೂರ್ತಿ ತಣಿಯಬೇಕು. ಎಲ್ಲರೂ ಎಡವುವುದು ಇಲ್ಲೇ: ಬೆಚ್ಚಗಿನ ಕಣಕ ಕೈಗಂಟುತ್ತದೆ, ಅದಕ್ಕೆಂದು ಹಿಟ್ಟು ಸುರಿಯುತ್ತಾರೆ, ಕೇಕ್ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಉದುರಿಸುವ ಹಿಟ್ಟು ಹುರಿದ ಅಂಟಕ್ಕಿಯದೇ ಆಗಿರಲಿ. ಹಸಿ ಹಿಟ್ಟು ತಿನ್ನುವಂಥದ್ದಲ್ಲ.

50 ಗ್ರಾಂ ಅಚ್ಚಿಗೆ ಕಣಕ 25, ಹೂರಣ 25. ತಕ್ಕಡಿಯಲ್ಲೇ ತೂಗಿ, ಕಣ್ಣಳತೆ ಬೇಡ. ಹೂರಣಕ್ಕೆ ತಾವರೆ ಬೀಜದ್ದೇ ಉತ್ತಮ. ಡಬ್ಬಿಯ ಕೆಂಪು ಕಾಳಿನದು ನೀರಾಗಿದ್ದರೆ ಬಾಣಲೆಯಲ್ಲಿ ಮಗುಚಿ ಗಟ್ಟಿ ಮಾಡಿ. ಹೋಳಿಗೆಗೆ ತುಂಬುವ ಹಾಗೆಯೇ ತುಂಬಿ, ಬಾಯಿ ಮುಚ್ಚಿ, ಉಂಡೆ ಮಾಡಿ. ಹುರಿದ ಹಿಟ್ಟಿನಲ್ಲಿ ಹೊರಳಿಸಿ, ಎರಡು ಅಂಗೈಗಳ ನಡುವೆ ಆಡಿಸಿ ಹೆಚ್ಚಿನದನ್ನು ಉದುರಿಸಿ. ಅಚ್ಚಿನೊಳಗೂ ಚಿಟಿಕೆ ಹಿಟ್ಟು ಹಾಕಿ, ತಲೆಕೆಳಗು ಮಾಡಿ ಕುಟ್ಟಿ ತೆಗೆಯಿರಿ.

ಉಂಡೆಯ ಮುಚ್ಚಿದ ಬಾಯಿ ಮೇಜಿನ ಕಡೆಗಿರಲಿ. ಹಿಡಿಯಿರುವ ಅಚ್ಚನ್ನು ಅದರ ಮೇಲೆ ನೆಟ್ಟಗೆ ಇಟ್ಟು, ಹಿಡಿಯನ್ನು ನಿಧಾನವಾಗಿ ಒತ್ತಿ, ಮನಸ್ಸಿನಲ್ಲೇ ಐದು ಎಣಿಸಿ. ಒತ್ತಿದ ಕೈಯನ್ನು ಸಡಿಲಿಸಿ, ಅಚ್ಚನ್ನೆತ್ತಿ, ಆಮೇಲೆ ಹಿಡಿಯನ್ನು ಮೆಲ್ಲಗೆ ತಳ್ಳಿ. ಎಳೆಯಬೇಡಿ, ತಿರುಚಬೇಡಿ. ಮರದ ಅಚ್ಚಾದರೆ ಅಂಚನ್ನು ಮೇಜಿಗೆ ಒಂದೇಟು ಕೊಡಿ. ಚೆಂದವೆಂದು ಕೊಳ್ಳುವ ಸಣ್ಣ ಗೆರೆಗಳ ಮೊಲದ ಅಚ್ಚು ಹೊಸಬರಿಗಲ್ಲ. ದಪ್ಪ ಎಸಳಿನ ಹೂವಿನದು ತಗೊಳ್ಳಿ.

ಫ್ರಿಜ್‌ನಲ್ಲಿ ಎರಡು ಗಂಟೆ. ಅಷ್ಟರಲ್ಲಿ ಮಕ್ಕಳು ಲಾಂದ್ರಗಳಿಗೆ ಅಂಟಿಸಿದ ಒಗಟು ಬಿಡಿಸಲಿ. ನಾಲ್ಕು ಹೋಳು ಮಾಡಿ, ಸಕ್ಕರೆ ಹಾಕದ ಚಹಾದ ಜೊತೆ ಎರಡು ದಿನದೊಳಗೆ ಮುಗಿಸಿ; ಆಮೇಲೆ ಕಣಕ ಗಡುಸಾಗುತ್ತದೆ.